ಒಲೆಗೊಂದು ಪಾವು

ಲೋಕೇಶಣ್ಣ ಫೋನಿನಲ್ಲಿ ಟೆಂಟುಗಳ ಫೋಟೋ ತೋರಿಸುತ್ತಿದ್ದಾಗಲೇ ಅವ್ವ ಜಗಳಕ್ಕೆ ಸಿದ್ಧವಾಗಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು.

“ಇದೇನ್ಲಾ ಇದು, ಕುಕ್ಕೆ ಬೋರಲು ಹಾಕ್ದಂಗದೆ? ಇದ್ರೊಳಕ್ಕೆ ಮನುಷ್ಯರು ಮಲಗ್ತಾರಾ?”

“ನಾಲ್ಕು ಜನ ಹಿಡೀತಾರೆ ಚಿಕ್ಕವ್ವ. ಜಿಪ್ ಎಳ್ದ್ರೆ ಸೊಳ್ಳೆನೂ ಬರಲ್ಲ.”

“ಆನೆ ಬಂದ್ರೆ? ಜಿಪ್ ತಗದು ಬತ್ತದಾ?”

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಆನೆಯಲ್ಲ.

ನಾವೆಲ್ಲ ಕೂತಿದ್ದದ್ದು ಹಿನಕಲ್ಲಿನಲ್ಲಿ, ದೊಡ್ಡವ್ವನ ಮನೆಯ ನಡುಮನೆಯಲ್ಲಿ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ ತಿಮ್ಮಮ್ಮ. ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಒಕ್ಕಲಿಗೆಲ್ಲ, ಅಂದರೆ ಒಂದೇ ಮನೆದೇವರ ನಾಲ್ಕು ಅಣ್ಣತಮ್ಮಂದಿರ ಮನೆಗಳಿಗೆಲ್ಲ, ಅವಳೇ ಹಿರಿಯಳು. ಲೋಕೇಶಣ್ಣ ಅವಳ ಮಗ; ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಾನೆ. ಕಾಡಿಗೆ ಹೋಗಿಬರುವ ದಾರಿ, ಅರಣ್ಯ ಇಲಾಖೆಯ ಆಫೀಸಿನವರ ಪರಿಚಯ ಎಲ್ಲ ಅವನಿಗಿದೆ. ಕೆಸರೆಯಿಂದ ಇಬ್ಬರು ಚಿಕ್ಕಪ್ಪಂದಿರೂ ಬಂದಿದ್ದರು. ನಾನು ಮೂಲೆಯಲ್ಲಿ ಕೂತು ಯಾರದೋ ಮದುವೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗಿನಿಂದ ಇದೇ ನನ್ನ ಕೆಲಸ.

ನಮ್ಮ ತಾತನವರ ಹಟ್ಟಿ ನಾಗರಹೊಳೆ ಕಾಡಿನ ಅಂಚಿನಲ್ಲಿತ್ತಂತೆ. ಅದನ್ನು ಬಿಟ್ಟು ಹಿನಕಲ್ಲಿಗೆ ಬಂದರು. ಹಟ್ಟಿ ಇದ್ದ ಜಾಗವನ್ನು ಕಾಡು ತಿಂದುಬಿಟ್ಟಿತು. ನಮ್ಮ ಮನೆದೇವರು ಅತ್ತಿಮರದಮ್ಮನ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಈಗ ಅಲ್ಲಿಗೆ ಸುಮ್ಮನೆ ಹೋಗಲು ಆಗುವುದಿಲ್ಲ. ಹಲವು ವರ್ಷ ಅಲೆದ ಮೇಲೆ ಈ ಸಲ ಲೋಕೇಶಣ್ಣ ಅನುಮತಿ ತಂದಿದ್ದ.

“ಹದಿನಾರು ಜನಕ್ಕೆ ಪರ್ಮಿಶನ್ನು. ಒಬ್ರೂ ಜಾಸ್ತಿ ಇಲ್ಲ. ಸಣ್ಣ ಮಕ್ಕಳು ಲೆಕ್ಕಕ್ಕಿಲ್ಲ,” ಎಂದ ಅವನು. “ಗೇಟಿನ ಪಕ್ಕದ ಬಯಲಲ್ಲಿ ಒಂದು ರಾತ್ರಿ ಟೆಂಟು. ಒಂದೇ ಬೆಂಕಿ, ಅದೂ ಅವ್ರು ತೋರ್ಸಿದ ಜಾಗದಲ್ಲಿ. ಕತ್ತಲಾಗೋಕೆ ಮುಂಚೆ ಆರಿಸ್ಬುಡಬೇಕು. ಬಾಡು ತರಂಗಿಲ್ಲ, ತಮಟೆ ಬಡಿಯಂಗಿಲ್ಲ, ಪ್ಲಾಸ್ಟಿಕ್ ಇಲ್ಲ. ಬೆಳಿಗ್ಗೆ ಗಾರ್ಡುಗಳ ಜೊತೆ ಕಲ್ಲಿನ ಹತ್ರ ನಡ್ಕೊಂಡೋಗಿ ಪೂಜೆ ಮುಗಿಸಿ ವಾಪಸ್.”

“ತಮಟೆ ಇಲ್ದೆ ಅಮ್ಮ ಏಳ್ತಾಳಾ?” ಎಂದ ಕೆಸರೆಯ ಒಬ್ಬ ಚಿಕ್ಕಪ್ಪ.

“ಹುಲಿ ಏಳದೆ ಇದ್ರೆ ಸಾಕು ಬುಡು,” ಎಂದ ಅಪ್ಪ.

ದೊಡ್ಡವ್ವ ಎಲೆಯಡಿಕೆ ಒಂದು ಕಡೆ ಒತ್ತಿಕೊಂಡು ಹೇಳಿದಳು. “ಒಂದೇ ಬೆಂಕಿ ಅಂದ್ರಾ? ಸರಿ. ನಮ್ಮಮ್ಮನ ಕಟ್ಲೆನೂ ಅದೇ. ನಾಕು ಒಲೆ. ಒಲೆಗೆ ನಾಕು ಜನ. ಮುಗೀತು.”

ನಮ್ಮ ಒಕ್ಕಲಿನಲ್ಲಿ ಮನೆಗಳನ್ನು ಎಣಿಸುವುದಿಲ್ಲ, ಒಲೆಗಳನ್ನು ಎಣಿಸುತ್ತಾರೆ. ಉರಿಯುವ ಪ್ರತಿ ಒಲೆಯಿಂದ ಒಂದು ಪಾವು ಅಕ್ಕಿ ಬರಬೇಕು. ಎಲ್ಲವೂ ಒಂದೇ ಮಡಕೆಯಲ್ಲಿ ಬೇಯಬೇಕು. ಅದೇ ಅಮ್ಮನ ಮಡೆ. ಒಂದು ಒಲೆಯ ಅಕ್ಕಿ ತಪ್ಪಿದರೂ ಅಮ್ಮ ಮಡೆ ಮುಟ್ಟುವುದಿಲ್ಲ ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆ ಆ ಮಡಕೆಗೆ ಸೌಟು ಹಾಕಿ ತಿರುವಿದ ಮೇಲೆಯೇ ಒಕ್ಕಲಿನವಳು. ಯಾವ ಒಲೆಯಿಂದ ಯಾರು ಹೋಗಬೇಕೆಂದು ಹೇಳುವ ಹಕ್ಕು ಆ ಒಲೆಯ ಯಜಮಾನಿಯದು. ಗಂಡಸರಿಗೆ ಅದರಲ್ಲಿ ಮಾತಿಲ್ಲ.

ಅವ್ವ ಕಾಯುತ್ತಿದ್ದದ್ದು ಇದಕ್ಕೇ.

“ನಮ್ಮ ಒಲೆಯಿಂದ ಇವರು, ನಾನು, ಸಿದ್ದು, ಚಾಮು. ಕೂಸು ನನ್ನ ತೊಡೆ ಮ್ಯಾಲೆ ಕುಂತ್ಕತದೆ. ಮುಡಿ ಅಲ್ಲೇ ಕೊಟ್ಟುಬುಡಾನ.”

ಚಾಮು ಎಂದರೆ ನಾನು; ಸಿದ್ದು ನನ್ನ ಅಣ್ಣ. ಕೂಸು ಎಂದರೆ ಅವನ ಮಗಳು ಅನುಪಮಾ. ಅನುವಿಗೆ ಮೂರು ತುಂಬುತ್ತಾ ಬಂದಿತ್ತು. ಹುಟ್ಟುಕೂದಲು ಮನೆದೇವರ ಮುಂದೆಯೇ ತೆಗೆಸಬೇಕೆಂದು ಕತ್ತರಿ ತಾಕಿಸಿರಲಿಲ್ಲ. ಗಂಟುಗಂಟಾದ ಕೂದಲಿನ ಕೆಳಗೆ ಕುತ್ತಿಗೆಯೆಲ್ಲ ಬೆವರುಸಾಲೆ. ಮಗು ರಾತ್ರಿ ತಲೆ ಕೆರೆದುಕೊಂಡು ಅಳುತ್ತಿತ್ತು.

“ಗೌತಮಿ?” ಎಂದು ಕೇಳಿದಳು ದೊಡ್ಡವ್ವ.

ಗೌತಮಿ ಅನುವಿನ ತಾಯಿ, ನನ್ನ ಅತ್ತಿಗೆ. ಆ ಹೊತ್ತಿಗೆ ಅವಳು ಕೆಲಸದಲ್ಲಿದ್ದಳು; ಒಂದು ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲಿ.

“ಅವಳ್ಗೆ ದೇವ್ರು ಬೇಡ ಅಲ್ವಾ ಅಕ್ಕ? ಅವಳಪ್ಪ ಮನೇಲಿದ್ದ ಪಟಗಳನ್ನೆಲ್ಲ ಇಳಿಸಿ ಬುದ್ಧನ ಮುಂದೆ ಮೇಣದಬತ್ತಿ ಹಚ್ತಾರೆ. ಹಚ್ಕಳ್ಳಿ. ನಾನು ಬೇಡ ಅಂದ್ನಾ? ಒಲೆಗೆ ನಾಕು ಅಂದ್ರಿ, ನಾಕು ಕೊಟ್ಟಿವ್ನಿ.”

“ತಾಯಿ ಇಲ್ದೆ ಮಗೀಗೆ ಮುಡಿ ತೆಗಿಸ್ತೀಯಾ ಪುಟ್ಟಲಿಂಗಿ?”

“ನಾನು ಅಜ್ಜಿ ಅಲ್ವಾ? ಬೀದೀಲಿ ಹೋಗೋಳಾ?”

ನಾನು ಹುಟ್ಟುವ ಮೊದಲಿನಿಂದಲೂ ಇವರಿಬ್ಬರಿಗೆ ಆಗಿಬರುವುದಿಲ್ಲ. ಅವ್ವನನ್ನು ದೊಡ್ಡವ್ವ ಯಾವತ್ತೂ ಪೂರ್ತಿ ಹೆಸರು ಹಿಡಿದು ಕರೆದವಳಲ್ಲ. ಆದರೆ ಕಟ್ಟಳೆಯ ಮುಂದೆ ಅವಳೂ ಏನೂ ಮಾಡುವ ಹಾಗಿರಲಿಲ್ಲ.

“ನಿನ್ನ ಒಲೆ. ನಿನ್ನಿಷ್ಟ,” ಎಂದಳು.

ಸಿದ್ದಣ್ಣ ತನ್ನ ಕಾಲುಗುರು ನೋಡುತ್ತಾ ಕೂತಿದ್ದ.

ಮನೆಗೆ ಬಂದಾಗ ಅತ್ತಿಗೆ ಆಗಲೇ ಬಂದಿದ್ದಳು. ಮುಂದಿನ ಕೋಣೆಯಲ್ಲಿ ತನ್ನ ಒಲೆಯ ಮುಂದೆ ನಿಂತು ಅನುವಿಗೆ ದೋಸೆ ಹುಯ್ಯುತ್ತಿದ್ದಳು. ಆ ಒಲೆಯ ವಿಷಯ ಹೇಳಬೇಕು. ಅಣ್ಣನದೂ ಅವಳದೂ ಮದುವೆಯಾದದ್ದು ಬುದ್ಧನ ಪ್ರತಿಮೆಯ ಮುಂದೆ, ಬಿಳಿ ಬಟ್ಟೆಯಲ್ಲಿ. ಅವಳು ಬಂದ ಮೊದಲ ವಾರ ಮಾಡಿದ ಸಾರನ್ನು ಅವ್ವ ಹಿತ್ತಲಿಗೆ ಚೆಲ್ಲಿದಳು. ಮಡೆಗೆ ಸೌಟು ಹಾಕದವಳ ಕೈಯಡುಗೆ ತಾನು ಉಣ್ಣುವುದಿಲ್ಲ ಎಂದಳು. ಮಾರನೆಯ ದಿನ ತಾನೇ ಒಂದು ಬರ್ನರಿನ ಸಣ್ಣ ಗ್ಯಾಸ್ ಒಲೆ ತಂದು ಮುಂದಿನ ಕೋಣೆಯ ಕಲ್ಲಿನ ಮೇಲೆ ಕುಕ್ಕಿದಳು. ಅವತ್ತಿನಿಂದ ಒಂದು ಸೂರಿನ ಕೆಳಗೆ ಎರಡು ಅಡುಗೆ. ಮನೆ ಒಡೆಯಿತು ಎಂದು ಯಾರೂ ಅನ್ನಬಾರದೆಂದು, ನೆಂಟರು ಬಂದಾಗ ಅವ್ವ ಆ ಒಲೆಯ ಮೇಲೆ ಹಳೇ ಸೀರೆ ಹೊದಿಸುತ್ತಿದ್ದಳು.

ಅತ್ತೆ ಸೊಸೆ ನೇರವಾಗಿ ಮಾತಾಡುವುದಿಲ್ಲ. ನಡುವೆ ನಾನು ಬೇಕು.

“ಚಾಮು, ಯಾರ್ಯಾರು ಹೋಗೋದು ಅಂತ ತೀರ್ಮಾನ ಆಯ್ತಾ?” ಅತ್ತಿಗೆ ಕೇಳಿದಳು. “ನಿಮ್ಮಣ್ಣನ್ನ ಕೇಳಿದ್ರೆ ಗಂಟಲು ಕಟ್ಟಿದೆ ಅಂತಾನೆ. ನೀನು ಹೇಳು.”

ಹೇಳಿದೆ. ಅವಳು ಒಲೆ ಆರಿಸಿದಳು.

“ಅಂದ್ರೆ ನನ್ನ ಮಗಳಿಗೆ ಟೆಂಟಲ್ಲಿ ಜಾಗ ಇದೆ. ನನಗಿಲ್ಲ.”

“ಒಂದು ರಾತ್ರಿ ತಾನೇ ಕಣೇ,” ಎಂದ ಅಣ್ಣ. “ಪರ್ಮಿಶನ್ನೇ ಅಷ್ಟು ಜನಕ್ಕೆ.”

“ಪರ್ಮಿಶನ್ ಕೊಟ್ಟವರು ಗೌತಮಿ ಬರಬಾರದು ಅಂದ್ರಾ? ನಾಳೆ ಮಗಳು ದೊಡ್ಡವಳಾಗಿ, ಮುಡಿ ತೆಗೆಸಿದಾಗ ನೀನೆಲ್ಲಿದ್ದೆಮ್ಮ ಅಂದ್ರೆ, ಲೆಕ್ಕಕ್ಕೆ ಸಿಗಲಿಲ್ಲ ಕಣೇ ಅನ್ನಬೇಕಾ? ನಿಮ್ಮ ದೇವರು ನನಗೆ ಬೇಕು ಅಂತ ನಾನು ಕೇಳಿಲ್ಲ ಸಿದ್ದು. ನನ್ನ ಮಗು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನಾನು ಹೋಗ್ಬೇಕು. ಅಷ್ಟೇ.”

ಅವ್ವ ಅಡುಗೆಮನೆಯಿಂದ ಕೂಗಿದಳು. “ಚಾಮು, ಯೋಳು ಅವಳ್ಗೆ. ಕಾಡಲ್ಲಿ ಮೇಣದಬತ್ತಿ ಹಚ್ಚೋಕೆ ಪರ್ಮಿಶನ್ ಇಲ್ವಂತೆ ಅಂತ.”

“ಹೇಳು ನಿಮ್ಮಮ್ಮನಿಗೆ. ನಾಳೆನೇ ಮೇನ್ ರೋಡಿನ ಸಲೂನಿಗೆ ಕರ್ಕೊಂಡೋಗಿ ಮಗು ತಲೆ ಬೋಳಿಸ್ಕೊಂಡು ಬರ್ತೀನಿ. ಆಮೇಲೆ ಏನು ತಗೊಂಡು ಕಾಡಿಗೆ ಹೋಗ್ತಾರೋ ಹೋಗ್ಲಿ.”

“ಕೂದ್ಲು ಮುಟ್ಲಿ. ಮುಟ್ಟಿದ ದಿನ ಹೊಸ್ಲು ದಾಟಿಸ್ಬುಡ್ತೀನಿ ಅಂತ ಯೋಳು.”

ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅನು ಕೈಯಲ್ಲಿ ಅರ್ಧ ದೋಸೆ ಹಿಡಿದು ಒಮ್ಮೆ ಈ ಬಾಗಿಲನ್ನು, ಒಮ್ಮೆ ಆ ಬಾಗಿಲನ್ನು ನೋಡುತ್ತಿದ್ದಳು.

ಸಂಜೆ ಅವ್ವ ಒಬ್ಬಳೇ ಅಕ್ಕಿ ಆರಿಸುತ್ತಿದ್ದಾಗ ಹೋಗಿ ಕೂತೆ. “ಅವ್ವ, ನಾನು ಬರಲ್ಲ. ನನ್ನ ಬದಲಿಗೆ ಅತ್ತಿಗೆ ಹೋಗ್ಲಿ,” ಎಂದೆ.

ನನಗೆ ಹೋಗುವ ಆಸೆ ಇತ್ತು. ಟೆಂಟಿನೊಳಗೆ ಮಲಗಿ ಕಾಡಿನ ಸದ್ದು ಕೇಳಬೇಕು ಎಂದಿತ್ತು. ಅದನ್ನು ಹೇಳಿ ಏನು ಪ್ರಯೋಜನ.

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. “ನೀನು ಬರದಿದ್ರೆ ಆ ಜಾಗ ಖಾಲಿ ಇರ್ತದೆ. ಇಲ್ಲ, ಕೆಸರೆಯೋರ್ಗೆ ಕೊಡ್ತೀನಿ. ಇಲ್ಲ, ಒಂದು ಕಲ್ಲಿಟ್ಕೊಂಡು ಹೋಗ್ತೀನಿ. ಅವಳು ಬಂದ್ರೆ ಮಡೆಗೆ ಸೌಟು ಹಾಕ್ತಾಳೆ. ಆಮ್ಯಾಕೆ ಅವಳ ಕೈ ನೀರು ಕುಡೀ ಅಂತೀರಿ ಎಲ್ಲರೂ. ನಾಯಾಕೆ ಕುಡೀಲಿ? ಒಲೆ ನಂದು. ನಾನು ಯೋಳ್ದೋರು ಬತ್ತಾರೆ.”

ಒಲೆ ನಂದು ಎಂದಳು. ಅವಳ ಒಲೆ ಅಡುಗೆಮನೆಯದು. ಮುಂದಿನ ಕೋಣೆಯದು ಯಾರದು ಎಂಬ ಪ್ರಶ್ನೆ ಆಗಲೇ ನನ್ನ ತಲೆಗೆ ಬಂತು. ಆದರೆ ಬಾಯಿಗೆ ಬರಲಿಲ್ಲ.

ಆ ಭಾನುವಾರ ಲೋಕೇಶಣ್ಣ ಒಂದು ಟೆಂಟು ತಂದು ತಮ್ಮ ತಾರಸಿಯ ಮೇಲೆ ಕಟ್ಟಿ ತೋರಿಸಿದ. ಹಸಿರು ಬಣ್ಣದ್ದು, ಒಳಗೆ ಹೊಕ್ಕರೆ ಹೊಸ ಕೊಡೆಯ ವಾಸನೆ. ಅವನ ಹೆಂಡತಿ ಮಂಜುಶ್ರೀ ಅತ್ತಿಗೆ ಹೊಸ ಶೂ ಹಾಕಿಕೊಂಡು ತಾರಸಿಯ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಳು.

“ಕಾಡಲ್ಲಿ ಶೂ ಹಾಕ್ಕೊಂಡು ಅಮ್ಮನ ಹತ್ರ ಹೋಗ್ತೀಯಾ?” ಎಂದಳು ದೊಡ್ಡವ್ವ.

“ಕಲ್ಲಿನ ಹತ್ರ ಬಿಡ್ತೀನಿ ಅತ್ತೆ. ಅಲ್ಲೀವರ್ಗೂ ಮುಳ್ಳಿರಲ್ವಾ?”

“ನಾವೆಲ್ಲ ಹೂವಿನ ಮ್ಯಾಲೆ ನಡೆದೋ.”

ಅನು ಟೆಂಟು ಕಂಡದ್ದೇ ಕೇಕೆ ಹಾಕಿ ಒಳಗೆ ನುಗ್ಗಿದಳು. ಅವ್ವ ಹಿಂದೆಯೇ ತೆವಳಿಕೊಂಡು ಹೋಗಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡಳು. ಆಗ ಮೆಟ್ಟಿಲು ಹತ್ತಿ ಗೌತಮಿ ಅತ್ತಿಗೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ.

“ಅನು, ಬಾ. ಊಟದ ಹೊತ್ತಾಯ್ತು,” ಎಂದು ಟೆಂಟಿನ ಬಾಗಿಲಲ್ಲಿ ಬಗ್ಗಿದಳು.

ಅವ್ವ ಒಳಗಿನಿಂದ ಜಿಪ್ ಎಳೆದುಬಿಟ್ಟಳು. ಕೆಳಗಿನಿಂದ ಮೇಲಿನವರೆಗೆ, ಒಂದೇ ಸಲಕ್ಕೆ.

“ಇಲ್ಲೇ ಉಣ್ಣಿಸ್ತೀನಿ ಅಂತ ಯೋಳು ಚಾಮು,” ಎಂಬ ಮಾತು ಬಟ್ಟೆಯ ಆಚೆಯಿಂದ ಬಂತು. “ಕಾಡಲ್ಲಿ ಇಂಗೇ ಮಲಗಬೇಕು. ಕೂಸ್ಗೆ ರೂಢಿ ಆಗ್ಲಿ.”

ಮೊದಲು ಅನು ನಕ್ಕಳು. ಆಮೇಲೆ ಕತ್ತಲೆ ಎನಿಸಿತೇನೋ, ಅಮ್ಮಾ ಎಂದು ಅತ್ತಳು. ಅವ್ವ ಜಿಪ್ ತೆಗೆಯಲು ಹೋದಳು. ಬಟ್ಟೆಯ ಅಂಚು ಸಿಕ್ಕಿಕೊಂಡು ಅದು ಅಲ್ಲಾಡಲಿಲ್ಲ. ಮಗುವಿನ ಅಳು ಜೋರಾಯಿತು. ಅತ್ತಿಗೆ ಹೊರಗಿನಿಂದ ಎಳೆದಳು, ಅವ್ವ ಒಳಗಿನಿಂದ ಎಳೆದಳು, ಟೆಂಟು ಕುಡಿದವನ ಹಾಗೆ ಅತ್ತ ಇತ್ತ ವಾಲಿತು.

“ಎಳೀಬೇಡಿ, ಹರಿದೋಗ್ತದೆ! ಬಾಡಿಗೆದು ಅದು!” ಎಂದು ಲೋಕೇಶಣ್ಣ ಓಡಿಬಂದು, ಅಂಚನ್ನು ಬಿಡಿಸಿ, ಹೇಗೋ ಜಿಪ್ ಇಳಿಸಿದ.

ಅನು ಬೆವರಿ ತೊಯ್ದಿದ್ದಳು. ಕೂದಲು ಮುಖಕ್ಕೆಲ್ಲ ಅಂಟಿತ್ತು. ಅತ್ತಿಗೆ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವ್ವ ಟೆಂಟಿನೊಳಗೇ ಕೂತಿದ್ದಳು. ಹೇಳಿದ್ದು ಇಷ್ಟೇ. “ನೋಡಿದ್ರಾ ಸೊಕ್ಕ?”

ಮಂಜುಶ್ರೀ ಅತ್ತಿಗೆ ನನ್ನ ಕಿವಿಯಲ್ಲಿ, “ಇಲ್ಲೇ ಇಂಗೆ. ಕಾಡಿಗೆ ಹೋದ್ರೆ ಪ್ರಾಣಿಗಳೇ ಊರಿಗೆ ಓಡೋಗ್ತವೆ ಕಣೇ,” ಎಂದಳು.

ಅತ್ತಿಗೆ ಕಾಡಿಗೆ ಬರಲೇಬೇಕು ಎಂದು ನಾನು ಅವತ್ತೇ ನಿರ್ಧಾರ ಮಾಡಿದೆ. ಕಾಡಿನಲ್ಲಿ ಆ ಮಗುವನ್ನು ಅವ್ವನ ಪಕ್ಕದಲ್ಲಿ ಮಲಗಿಸಿ ಜಿಪ್ ಎಳೆದರೆ ತೆಗೆಯುವವರು ಯಾರು?

ಶುಕ್ರವಾರ ಸಂಜೆ ಮಡೆ ಅಕ್ಕಿ ಸೇರಿಸುವುದಿತ್ತು. ಪ್ರತಿ ಮನೆಯ ಮದುವೆಯಾಗದ ಹುಡುಗಿ ತಮ್ಮ ಒಲೆಯ ಅಕ್ಕಿ ತಂದು ದೊಡ್ಡವ್ವನ ಮೊರಕ್ಕೆ ಸುರಿಯಬೇಕು. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಅವ್ವ ಅಳೆದು ಕೊಟ್ಟ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಹಿತ್ತಾಳೆಯ ಪಾವು ಕೈಯಲ್ಲಿ ಹಿಡಿದು ಮುಂದಿನ ಕೋಣೆಗೆ ಬಂದೆ. ಅತ್ತಿಗೆ ಆಗಷ್ಟೇ ಕೆಲಸದಿಂದ ಬಂದಿದ್ದಳು.

“ಅತ್ತಿಗೆ, ಒಂದು ಪಾವು ಅಕ್ಕಿ ಕೊಡಿ.”

“ಯಾಕೆ? ನಿಮ್ಮಮ್ಮನ ಡಬ್ಬದಲ್ಲಿ ಮುಗಿದೋಯ್ತಾ?”

“ಮಡೆಗೆ. ನಿಮ್ಮ ಒಲೆನೂ ಉರೀತದಲ್ಲ.”

ಅವಳು ಬ್ಯಾಗು ಕೆಳಗಿಟ್ಟು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ.

“ಇದು ನಿನ್ನ ಯೋಚನೆನಾ, ಅವರದ್ದಾ? ನನ್ನ ಅಕ್ಕಿ ತಗೊಂಡೋಗಿ ಎಲ್ಲರ ಮುಂದೆ ವಾಪಸ್ ಸುರಿದು ನಗೋಕಾ?”

“ಅವ್ವಂಗೆ ಗೊತ್ತಿಲ್ಲ.”

“ನಿನ್ನನ್ನ ಯಾಕೆ ನಂಬ್ಲಿ? ನಿನಗೆ ಜಾಗ ಸಿಕ್ಕಿದೆಯಲ್ಲ.”

ನಾನು ಪಾವು ಹಿಡಿದು ನಿಂತೇ ಇದ್ದೆ. ಕಡೆಗೆ ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಡಬ್ಬದ ಮುಚ್ಚಳ ತೆಗೆದು, ಗೋಪುರದ ಹಾಗೆ ಅಕ್ಕಿ ತುಂಬಿದಳು. ನನ್ನ ದುಪಟ್ಟಾದ ತುದಿಗೆ ಸುರಿದು ತಾನೇ ಗಂಟು ಹಾಕಿದಳು.

“ತಗೊಂಡೋಗು. ಕಮ್ಮಿ ಇತ್ತು ಅಂತ ಯಾರೂ ಅನ್ನಬಾರ್ದು.”

ದೊಡ್ಡವ್ವ ದೀಪ ಹಚ್ಚಿ ಮೊರ ಮುಂದಿಟ್ಟುಕೊಂಡು ಕೂತಿದ್ದಳು. ದೀಪದ ಮುಂದೆ ಒಬ್ಬೊಬ್ಬ ಯಜಮಾನಿಯನ್ನೂ ಅವಳು ಕೇಳಬೇಕು, “ನಿನ್ನ ಮನೇಲಿ ಎಷ್ಟು ಒಲೆ ಉರೀತವೆ?” ಎಂದು. ಕೆಸರೆಯ ಒಬ್ಬ ಚಿಕ್ಕಪ್ಪನ ಹೆಂಡತಿ ಒಂದು ಎಂದಳು, ಇನ್ನೊಬ್ಬನ ಹೆಂಡತಿಯೂ ಒಂದು ಎಂದಳು. ಅವರ ಹುಡುಗಿಯರು ಅಕ್ಕಿ ಸುರಿದರು.

“ಪುಟ್ಟಲಿಂಗಿ?”

“ಒಂದು,” ಎಂದಳು ಅವ್ವ.

ನಾನು ಬಟ್ಟೆಯ ಗಂಟು ಬಿಚ್ಚಿ ಅಕ್ಕಿ ಸುರಿದೆ. ಆಮೇಲೆ ದುಪಟ್ಟಾದ ಗಂಟು ಬಿಚ್ಚತೊಡಗಿದೆ. ಅತ್ತಿಗೆ ಬಿಗಿಯಾಗಿ ಹಾಕಿದ್ದಳು. ಅದು ಬಿಚ್ಚುವಷ್ಟು ಹೊತ್ತೂ ಎಲ್ಲರೂ ನನ್ನ ಬೆರಳುಗಳನ್ನೇ ನೋಡಿದರು. ಎರಡನೆಯ ಅಕ್ಕಿ ಮೊರಕ್ಕೆ ಬಿದ್ದಾಗ ಅದು ಮೊದಲಿನ ರಾಶಿಗಿಂತ ದೊಡ್ಡದಾಗಿತ್ತು.

“ಇದ್ಯಾವುದಮ್ಮಿ?” ಎಂದಳು ದೊಡ್ಡವ್ವ.

“ಅತ್ತಿಗೆ ಒಲೆದು,” ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಉಳಿದವರಿಗೆಲ್ಲ ಕೇಳಿಸಿತು.

ಅವ್ವ ಎದ್ದು ನಿಂತಳು. “ಅದು ಒಲೆ ಅಲ್ಲ! ಕಲ್ಲಿನ ಮ್ಯಾಲೆ ಗ್ಯಾಸಿಟ್ಟವ್ರೆ. ಟೀ ಕಾಯಿಸ್ಕಳಾಕೆ.”

“ಸಿದ್ದು,” ಎಂದು ಕರೆದಳು ದೊಡ್ಡವ್ವ. “ನೀನು ಯಾವ ಒಲೇಲಿ ಉಣ್ತೀಯಲಾ?”

ಅಣ್ಣ ಅವ್ವನ ಮುಖ ನೋಡಿದ. ಅಪ್ಪನ ಮುಖ ನೋಡಿದ. “ಬೆಳಿಗ್ಗೆ… ಒಂದೊಂದ್ಸಲ…”

“ದೀಪ ಉರೀತಾ ಅದೆ ಕಣ್ಲಾ. ನೆಟ್ಟಗೆ ಯೋಳು.”

“ಗೌತಮಿ ಮಾಡಿದ್ದನ್ನೇ ಉಣ್ತೀನಿ ದೊಡ್ಡವ್ವ.”

ದೊಡ್ಡವ್ವ ಅವ್ವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಖುಷಿ ಕಾಣುತ್ತಿತ್ತು. ಅದು ಗೌತಮಿ ಅತ್ತಿಗೆಯ ಮೇಲಿನ ಕನಿಕರವಲ್ಲ. ಅವ್ವ ಕೈಗೆ ಸಿಕ್ಕಿದಳೆಂಬ ಖುಷಿ.

“ನೀನು ಅವಳ ಕೈಯಿಂದ ಒಂದು ತುತ್ತು ಉಂಡಿದ್ದೀಯಾ ಪುಟ್ಟಲಿಂಗಿ? ಉಂಡಿದ್ರೆ ಯೋಳು. ಒಂದೇ ಒಲೆ ಅಂತ ಒಪ್ಕತೀನಿ, ಈ ಅಕ್ಕಿ ವಾಪಸ್ ಕಟ್ಟಿ ಕಳಿಸ್ತೀನಿ. ನಾಕು ಜನ ಯಾರು ಅಂತ ನೀನೇ ಯೋಳು.”

ಉಂಡಿದ್ದೇನೆ ಎಂದರೆ ಸೊಸೆಯನ್ನು ಒಪ್ಪಿದ ಹಾಗೆ. ಇಲ್ಲ ಎಂದರೆ ಅವಳ ಒಲೆ ಬೇರೆ. ಸಾರು ಚೆಲ್ಲಿ ಆ ಒಲೆಯನ್ನು ತಂದಿಟ್ಟವಳು ಅವ್ವನೇ. ಅವಳಿಗೂ ಅದು ಆಗ ಹೊಳೆಯಿತು ಎಂದು ಕಾಣುತ್ತದೆ. ಇಷ್ಟು ನೇರವಾಗಿ ಕೇಳಿದರೆ ಅವಳು ದೀಪದ ಮುಂದೆ ಸುಳ್ಳು ಹೇಳುವವಳಲ್ಲ.

“ಉಂಡಿಲ್ಲ,” ಎಂದಳು. “ಉಣ್ಣೋದೂ ಇಲ್ಲ.”

“ಹಂಗಾರೆ ಐದು ಒಲೆ. ಲೋಕೇಶ, ಲೆಕ್ಕ ಹಾಕ್ಲಾ.”

ಒಲೆಗೆ ಮೂರು ಜನ, ಉಳಿದ ಒಂದು ಜಾಗ ಪೂಜಾರಿಗೆ ಎಂದಾಯಿತು. ಪ್ರತಿ ಒಲೆಯಿಂದ ಒಬ್ಬರು ಬಿಟ್ಟುಹೋದರು. ಕೆಸರೆಯ ಹುಡುಗಿಯರು ನನ್ನನ್ನು ತಿನ್ನುವ ಹಾಗೆ ನೋಡಿದರು. ದೊಡ್ಡವ್ವ ತನ್ನ ಒಲೆಯಿಂದ ಮಂಜುಶ್ರೀ ಅತ್ತಿಗೆಯ ಹೆಸರನ್ನೇ ತೆಗೆದಳು.

“ಶೂ ತಗೊಂಡ್ಬುಟ್ಟಿದ್ದೆ ಕಣೇ,” ಎಂದಳು ಅವಳು ನನಗೆ. ಅಳು ಬಂದಿತ್ತು ಅವಳಿಗೆ. “ನಿಂಗೇನು ಬಂದಿತ್ತು?”

ಅವ್ವ ಇನ್ನೂ ಕೂತಿರಲಿಲ್ಲ. “ಆಯ್ತು, ಅವಳ ಒಲೆ ಬ್ಯಾರೆ. ಬರ್ಲಿ. ಆದ್ರೆ ಕೂಸು ನನ್ನ ಒಲೇದು. ಅವಳು ಕೆಲಸಕ್ಕೆ ಹೋದ್ರೆ ದಿನಾ ಮಧ್ಯಾಹ್ನ ಉಣ್ಣಿಸೋಳು ನಾನು. ಮುಡಿ ನನ್ನ ತೊಡೆ ಮ್ಯಾಲೇ ಆಗಬೇಕು.”

ಅದು ನಿಜ. ಮಧ್ಯಾಹ್ನದ ತುತ್ತು ಅವ್ವನದೇ. ದೊಡ್ಡವ್ವ ಎದ್ದು ಬಾಗಿಲಾಚೆಗೆ ಹೋದಳು. ಇಷ್ಟೆಲ್ಲ ಆಗಿ ಮಗು ಮತ್ತೆ ಅವ್ವನ ತೊಡೆಗೇ ಹೋಯಿತೇ ಎನಿಸಿತು.

ದೊಡ್ಡವ್ವ ಎಲೆಯಡಿಕೆ ಉಗಿದು ಬಂದು ಕೂತು ಹೇಳಿದಳು. “ತೆಗೆಸ್ತಿರೋದು ಹುಟ್ಟುಕೂದ್ಲು. ಅದು ಬೆಳೆದಿದ್ದು ಅವಳ ಹೊಟ್ಟೇಲಿ, ನಿನ್ನ ಒಲೇಲಿ ಅಲ್ಲ. ತಾಯಿ ಬರೋವಾಗ ತಾಯಿ ತೊಡೆ. ಇನ್ನೊಂದು ಮಾತಿಲ್ಲ. ನಿನ್ನ ಮೂರು ಜನ ಯಾರು, ಯೋಳು.”

ಅವ್ವ ನನ್ನ ಮುಖ ನೋಡಿಕೊಂಡೇ ಹೇಳಿದಳು. “ಇವರು. ನಾನು. ಮಂಜುಶ್ರೀ.”

“ನಿನ್ನ ಮಗಳು?”

“ಅವಳ್ಗೆ ಎರಡು ಒಲೆ ಕಾಣ್ತವಲ್ಲ. ಎರಡೂ ಕಾಯ್ಕಂಡು ಮನೇಲಿರ್ಲಿ.”

ಬೇರೆ ಒಲೆಯ ಜಾಗದಲ್ಲಿ ಹೋಗುವವರು ಆ ಒಲೆಯಲ್ಲಿ ಒಂದು ಹೊತ್ತು ಉಣ್ಣಬೇಕು. ದೊಡ್ಡವ್ವ ಮಂಜುಶ್ರೀ ಅತ್ತಿಗೆಗೆ, ಭಾನುವಾರ ನಮ್ಮ ಮನೆಗೆ ಬಂದು ಅವ್ವನ ಕೈಯಲ್ಲಿ ಉಂಡು ಹೋಗುವಂತೆ ಹೇಳಿದಳು. ಮಂಜುಶ್ರೀ ಅತ್ತಿಗೆಯ ಅಳು ಅಲ್ಲೇ ನಿಂತಿತು.

ದಾರಿಯುದ್ದಕ್ಕೂ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ ಒಂದು ಸಲ, “ಹೋಗ್ಲಿ ಬುಡು,” ಎಂದ. ಯಾರಿಗೆ ಹೇಳಿದ್ದೋ ಗೊತ್ತಾಗಲಿಲ್ಲ.

ಭಾನುವಾರ ಅವ್ವ ಕೋಳಿಸಾರು ಮಾಡಿದಳು. ಮನೆಯೆಲ್ಲ ಘಮಘಮ. ಮಂಜುಶ್ರೀ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಮುದ್ದೆಯ ಮುಂದೆ ಕೂತಿದ್ದಳು. ಅವ್ವ ಬೇಕೆಂದೇ ಜೋರಾಗಿ, “ಇನ್ನೊಂದು ತುಂಡು ಹಾಕಿಸ್ಕೊ ಕಣವ್ವ. ನನ್ನ ಮಗಳ ಪಾಲಿಂದೂ ನೀನೇ ಉಣ್ಣು,” ಎಂದು ಬಡಿಸುತ್ತಿದ್ದಳು. ನಾನು ನೀರಿನ ಲೋಟ ಇಟ್ಟು ಈಚೆಗೆ ಬಂದೆ.

ಮುಂದಿನ ಕೋಣೆಯಲ್ಲಿ ಅಣ್ಣ, ಅನು ಇಬ್ಬರೂ ಉಂಡು ಎದ್ದಿದ್ದರು. ಗೌತಮಿ ಅತ್ತಿಗೆ ಒಂದು ತಟ್ಟೆ ತೊಳೆದು, ಅನ್ನ ಬಡಿಸಿ, ಅವರೆಕಾಳಿನ ಸಾರು ಹಾಕಿ ನೆಲದ ಮೇಲಿಟ್ಟಳು.

“ಚಾಮು. ಕೂತ್ಕೋ.”

ನಾನು ನಿಂತೇ ಇದ್ದೆ.

“ನನ್ನ ಒಲೆಗೆ ಮೂರು ಜಾಗ ಅಂತಲ್ಲ. ನಾನು, ನಿಮ್ಮಣ್ಣ. ಒಂದು ಖಾಲಿ ಇದೆ.”

“ನಿಮ್ಮ ಅಪ್ಪಾಜಿನ ಕರ್ಕೊಂಡೋಗಿ ಅತ್ತಿಗೆ.”

“ಅವರು ಬರಲ್ಲ. ಬರೋದಾದ್ರೂ ನಾನು ಕರೆಯಲ್ಲ, ನಿಮ್ಮಮ್ಮನ ಬಾಯಿಗೆ ಯಾಕೆ ಕೊಡ್ಲಿ ಅವರನ್ನ?” ಅವಳು ಒಲೆ ಒರೆಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು. “ನಾನು ನಿನ್ನನ್ನ ಏನೂ ಕೇಳಿರಲಿಲ್ಲ. ಅಕ್ಕಿ ತಗೊಂಡೋದವಳು ನೀನೇ. ಗೌತಮಿಗೋಸ್ಕರ ಜಾಗ ಕಳ್ಕೊಂಡ್ಲು ಪಾಪ ಅಂತ ಜೀವನಪೂರ್ತಿ ಕೇಳೋಕೆ ನನ್ನ ಕೈಲಾಗಲ್ಲ. ನನಗೆ ಯಾರ ಹಂಗೂ ಬೇಡ. ಉಂಡ್ರೆ ಕಾಡಿಗೆ ಬಾ. ಇಲ್ಲಾಂದ್ರೆ ತಟ್ಟೆ ಎತ್ತಿಡ್ತೀನಿ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವ್ವ ನಡುಬಾಗಿಲಿಗೆ ಬಂದಳು. ಮಂಜುಶ್ರೀ ಅತ್ತಿಗೆ ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ಇಣುಕಿದಳು.

“ಚಾಮು,” ಎಂದಳು ಅವ್ವ. ಶುಕ್ರವಾರ ಸಂಜೆಯಿಂದ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಅಲ್ಲಿ ಕೈ ಇಟ್ಟರೆ ಇಲ್ಲಿಗೆ ಬರಬ್ಯಾಡ.”

ನನಗೆ ಅವ್ವನ ಅಡುಗೆ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅನು ನನ್ನ ಪಕ್ಕಕ್ಕೆ ಬಂದು ತಲೆ ಕೆರೆದುಕೊಳ್ಳುತ್ತಾ ತಟ್ಟೆ ನೋಡಿದಳು. ನಾನು ಕೂತೆ. ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಬಿಸಿ ಇತ್ತು.

ಅತ್ತಿಗೆ ಈಗ ನನ್ನ ಕಡೆ ತಿರುಗಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

“ಉಪ್ಪು ಸಾಕಾ?” ಎಂದಳು.

“ವಸಿ ಕಮ್ಮಿ.”

“ಕಮ್ಮಿ ಏನಿಲ್ಲ. ನಿಮ್ಮಮ್ಮ ಜಾಸ್ತಿ ಹಾಕ್ತಾರೆ,” ಎಂದು ಉಪ್ಪಿನ ಡಬ್ಬ ತಳ್ಳಿದಳು.

ಅವ್ವ ಒಳಗೆ ಹೋದಳು. ಪಾತ್ರೆಗಳ ನಡುವೆ ಏನೋ ಹುಡುಕುವ ಸದ್ದಾಯಿತು. ತಿರುಗಿ ಬಂದು, ಅವಳ ಅಡುಗೆಮನೆಯಲ್ಲಿ ನಾನು ದಿನಾ ಉಣ್ಣುವ ತಟ್ಟೆಯನ್ನೂ ಲೋಟವನ್ನೂ ನಡುಬಾಗಿಲ ಈಚೆಗೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಲೋಟ ಉರುಳದಂತೆ ತಟ್ಟೆಯೊಳಗೆ ಕೂರಿಸಿ, “ಮಂಜುಶ್ರೀ, ಉಣ್ಣವ್ವ, ಸಾರು ಆರೋಯ್ತದೆ,” ಎನ್ನುತ್ತಾ ಬೆನ್ನು ತಿರುಗಿಸಿದಳು.

ಅತ್ತಿಗೆ ಅವೆರಡನ್ನೂ ಎತ್ತಿ, ನೀರು ಹಾಕಿ ಜಾಲಿಸಿ, ತನ್ನ ಗೂಡಿನಲ್ಲಿಟ್ಟಳು. ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.